ಎಂಟು ಗಂಟೆಗೆ ಹೊರಡುವ ನೆಂಟರು

ಬೆಳಗಿನ ಆರು ಗಂಟೆ. ಕಾಲೇಜಿನ ಗೇಟು ಇನ್ನೂ ಅರ್ಧವೇ ತೆರೆದಿದೆ. ಎರಡನೇ ಮಹಡಿಯ ತಣ್ಣನೆಯ ಕೋಣೆಯಲ್ಲಿ, ಗುಂಯ್‌ಗುಟ್ಟುವ ದೊಡ್ಡ ಕಂಪ್ಯೂಟರುಗಳ ನಡುವೆ, ಹೆಂಗಸೊಬ್ಬರು ಶಾಲು ಹೊದ್ದು ಕೂತು ನೆಂಟರನ್ನು ಮರ್ಯಾದೆಯಾಗಿ ಸಾಗಹಾಕುತ್ತಿದ್ದಾರೆ. ನೆಂಟರೆಂದರೆ ಮನುಷ್ಯರಲ್ಲ, ಲೆಕ್ಕಗಳು. ಒಂದು ಆಸ್ಪತ್ರೆಯ ಸಂಶೋಧನಾ ಕೇಂದ್ರದ್ದು, ಇನ್ನೊಂದು ಹವಾಮಾನ ಕಚೇರಿಯದು. ರಾತ್ರಿಯೆಲ್ಲ ಇಲ್ಲಿ ಓಡಿದ ಅವು ಎಂಟಕ್ಕೆ ತರಗತಿ ಶುರುವಾಗುವಷ್ಟರಲ್ಲಿ ಜಾಗ ಬಿಡಬೇಕು.

"ಕತ್ತು ಹಿಡಿದು ದಬ್ಬಬಾರದು. ಎಲ್ಲಿವರೆಗೆ ಬಂದಿದೆ ಅಂತ ಗುರುತು ಹಾಕ್ಕೊಳ್ಳೋಕೆ ಬಿಡಬೇಕು. ಇಲ್ಲಾಂದ್ರೆ ಪಾಪ, ಮೊದಲಿಂದ ಶುರು ಮಾಡ್ಬೇಕಾಗುತ್ತೆ," ಎನ್ನುತ್ತಾರೆ.

ಐದು ಸಂಸ್ಥೆಗಳ ಕಂಪ್ಯೂಟರುಗಳನ್ನು ಹೆಣೆದಿರುವ ಏರ್ಪಾಡು ಇದು. ಒಬ್ಬರ ಯಂತ್ರ ಸುಮ್ಮನಿದ್ದಾಗ ಇನ್ನೊಬ್ಬರ ಕೆಲಸ ಅದರಲ್ಲಿ ನಡೆಯುತ್ತದೆ. ಹೊಲದ ಮುಯ್ಯಾಳಿನ ಲೆಕ್ಕವೇ. ಹಂಚಿಕೆ ಮಾಡುವುದು ತಂತ್ರಾಂಶ, ಆ ತಂತ್ರಾಂಶವನ್ನು ಸಾಕುವುದು ಈಕೆ. ಐದೂ ಕಡೆ ಈಕೆ 'ಅತ್ತಿಗೆ'. ಆಸ್ಪತ್ರೆ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವವನು ಸ್ವಂತ ಮೈದುನ. ಅವನು ಫೋನಿನಲ್ಲಿ ಕರೆದದ್ದನ್ನು ಉಳಿದವರೂ ಹಿಡಿದುಕೊಂಡರು. ತಂದೆಯ ವಯಸ್ಸಿನ ಹವಾಮಾನ ಅಧಿಕಾರಿಗೂ ಈಕೆ ಅತ್ತಿಗೆಯೇ!

ಎಡವಟ್ಟಾದದ್ದೂ ಆ ಮೈದುನನಿಂದಲೇ. ಬೇರೆಯವರ ಯಂತ್ರ ಬಳಸಲು ಪ್ರತಿಯೊಬ್ಬರಿಗೂ ಒಂದು ಡಿಜಿಟಲ್ ರಹದಾರಿ ಇರುತ್ತದೆ, ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಮೈದುನ ಮರೆತ. ನನ್ನ ಲೆಕ್ಕವನ್ನು ಇದೊಂದು ಸಲ ನಿಮ್ಮ ಹೆಸರಲ್ಲೇ ಹಾಕಿಬಿಡಿ ಎಂದು ಗೋಗರೆದ. ಅತ್ತಿಗೆ ಕರಗಿದರು. ತಾವು ಕಳಿಸದೆ ಉಳಿದ ನೆಂಟರನ್ನೂ ಎಂಟಾದರೆ ತಂತ್ರಾಂಶ ತಾನೇ ಎಬ್ಬಿಸುತ್ತದಲ್ಲ ಎಂಬ ಧೈರ್ಯ. ಆದರೆ ಅತ್ತಿಗೆಯ ಹೆಸರು ಹೊತ್ತ ಲೆಕ್ಕ ಅದರ ಕಣ್ಣಿಗೆ ಮನೆಯದೇ ಆಗಿಬಿಟ್ಟಿತ್ತು. ಮನೆಯವರನ್ನು ಎದ್ದು ಹೋಗಿ ಎನ್ನುವವರು ಯಾರು? ಎಂಟಾದರೂ ಅದು ಜಾಗ ಬಿಡಲಿಲ್ಲ. ಕೆಳಗಿನ ಲ್ಯಾಬಿನಲ್ಲಿ ಇಡೀ ತರಗತಿ ಪರದೆ ನೋಡುತ್ತಾ ಕೈಕಟ್ಟಿ ಕೂತಿತು.

ಪ್ರಿನ್ಸಿಪಾಲರು ಕೆಂಡಾಮಂಡಲ. ಶನಿವಾರದಿಂದ ಈ ಕೊಡುಕೊಳ್ಳುವಿಕೆ ಬಂದ್ ಎಂದರು. "ತಪ್ಪು ನಂದೇ. ಆದ್ರೆ ನಾನು ಮಾಡಿದ ತಪ್ಪಿಗೆ ಐದು ಮನೆ ಸಂಬಂಧ ಮುರಿಯುತ್ತಲ್ಲ ಅಂತ ಸಂಕಟ ಆಗ್ತಿತ್ತು," ಎನ್ನುತ್ತಾರೆ ಅತ್ತಿಗೆ.

ಗುರುವಾರ ಬೆಳಗ್ಗೆ ಕೋಣೆಯ ಎ.ಸಿ. ಕೈಕೊಟ್ಟಿತು. ಯಂತ್ರಗಳು ಸುಟ್ಟುಹೋಗುವ ಮೊದಲು ಎಲ್ಲವನ್ನೂ ಆಫ್ ಮಾಡಲೇಬೇಕು. ಕೊನೆಯ ವರ್ಷದವರು ಪ್ರಾಜೆಕ್ಟ್ ಒಪ್ಪಿಸಬೇಕಾದದ್ದೋ ಮರುದಿನ. ಅತ್ತಿಗೆ ಉಳಿದ ನಾಲ್ಕೂ ಕಡೆಗೆ ಫೋನು ಮಾಡಿದರು. ಯಾರೂ ಇಲ್ಲವೆನ್ನಲಿಲ್ಲ. ಹುಡುಗರ ಲೆಕ್ಕಗಳು ಗುರುತು ಹಾಕಿಕೊಂಡು, ಗಂಟುಮೂಟೆ ಕಟ್ಟಿ ಹೊರಟವು. ಸುದ್ದಿ ತಿಳಿದ ಪ್ರಿನ್ಸಿಪಾಲರು ಏದುಸಿರು ಬಿಡುತ್ತಾ ಮೇಲೆ ಬಂದರೆ, ಕೋಣೆಯೆಲ್ಲ ನಿಶ್ಶಬ್ದ.

"ಎಲ್ಲಾ ಆಫ್ ಆಗಿದೆ. ಕೆಳಗೆ ಹುಡುಗರು ಕೆಲಸ ಮಾಡ್ತಾನೇ ಇದ್ದಾರಲ್ಲಮ್ಮಾ?"

"ಅವರ ಲೆಕ್ಕ ಮೈದುನನ ಹತ್ರ ಹೋಗಿದೆ ಸರ್. ಉಳಿದಿದ್ದು ಆ ಮೂರು ಮನೇಲಿದೆ."

ಲ್ಯಾಬಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಒಬ್ಬ ಹುಡುಗಿಯಂತೂ, ಇವತ್ತು ಬೇಗ ಬೇಗ ಆಗ್ತಿದೆ, ದಿನಾ ಹೀಗೇ ಇದ್ದರೇನು ರೋಗ ಎಂದು ಗೊಣಗಿದಳಂತೆ. ಅದನ್ನು ಹೇಳುವಾಗ ಅತ್ತಿಗೆಯ ಮುಖ ನೋಡಬೇಕು!

ಈಗ ಮೈದುನನ ರಹದಾರಿ ಹೊಸದಾಗಿದೆ. ಮುಂದಿನ ವರ್ಷ ಮರೆತರೆ ಎರಡನೇ ಸಲ ಅನ್ನ ಬಡಿಸುವುದಿಲ್ಲವೆಂದು ಅತ್ತಿಗೆ ಎಲ್ಲರೆದುರೇ ಹೇಳಿದ್ದಾರೆ. ಎ.ಸಿ.ಯೂ ರಿಪೇರಿಯಾಗಿ, ಶುಕ್ರವಾರ ರಾತ್ರಿ ಎಂದಿನಂತೆ ನೆಂಟರು ಬಂದಿಳಿದಿದ್ದರು.

ಶನಿವಾರ ಬೆಳಗ್ಗೆ ಅತ್ತಿಗೆ ಕೀಲಿಮಣೆಯ ಮುಂದೆ ಕೈ ಕಟ್ಟಿ ಕೂತಿದ್ದಾಗ ಪ್ರಿನ್ಸಿಪಾಲರು ಬಾಗಿಲಲ್ಲಿ ಇಣುಕಿದರು. ಬಂದ್ ಮಾಡುವ ಮಾತು ಈಗ ಬರುತ್ತದೆ ಎಂದುಕೊಂಡು ಅತ್ತಿಗೆ ಎದ್ದು ನಿಂತರು.

"ಇವತ್ತು ನೆಂಟರು ಎಷ್ಟು ಜನಮ್ಮಾ?"

"ಮೂರು ಜನ ಸರ್. ಎಂಟಕ್ಕೆ ಮುಂಚೆ ಕಳಿಸ್ತೀನಿ."

"ಅವಸರ ಮಾಡ್ಬೇಡಿ," ಎಂದರು ಅವರು. "ಗುರುತು ಹಾಕ್ಕೊಂಡು ಹೋಗ್ಲಿ."