ಕಿಟಕಿ ಪಕ್ಕದ ಬಂಗು

ಹೋದ ವಾರ ಕಡೂರಿನಲ್ಲಿ ಚರ್ಮದ ಡಾಕ್ಟರನ್ನು ಕಾಣಲು ಬೆಂಚಿನ ಮೇಲೆ ಕಾಯುತ್ತ ಕೂತಿದ್ದೆ. ಪಕ್ಕದ ಹೆಂಗಸು ಚೀಲದಿಂದ ಎಳೆ ಸೌತೆಕಾಯಿ ತೆಗೆದು ಮುರಿದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಿಂದಿ ಟೀಚರ್ ನೆನಪಾದರು. ಬರೀ ನೆನಪಾಗಿದ್ದರೆ ಚೆನ್ನಾಗಿತ್ತು, ಹಳೆಯ ಹೊಟ್ಟೆಯುರಿಯೂ ಜೊತೆಗೇ ಎದ್ದು ಬಂತು. ಅವರು ತೀರಿಕೊಂಡು ಐದು ವರ್ಷ ದಾಟಿತು. ಹೊಟ್ಟೆಕಿಚ್ಚಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು!

ನಾವಿಬ್ಬರೂ ಬೀರೂರಿನವರು, ಶಿವನಿ ಕಡೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಅವರದು ಹಿಂದಿ, ನನ್ನದು ಗಣಿತ. ಬೆಳಿಗ್ಗೆ ರೈಲು ಹತ್ತಿ ಅಜ್ಜಂಪುರ ದಾಟಿ ಹೋಗುವುದು, ಸಂಜೆ ಅದೇ ಹಳಿಯ ಮೇಲೆ ವಾಪಸು ಬರುವುದು. ಹೆಚ್ಚುಕಡಿಮೆ ಇಡೀ ಸರ್ವಿಸ್ ಹೀಗೇ ಕಳೆಯಿತು. ಅವರು ನನಗಿಂತ ಐದು ವರ್ಷ ದೊಡ್ಡವರು. ಇದನ್ನು ನಾನೇ ಹೇಳಬೇಕು, ನೋಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆನ್ನೆ ನುಣುಪು, ಕಣ್ಣಿನ ಸುತ್ತ ಒಂದು ಗೆರೆಯಿಲ್ಲ. ನನಗೋ, ನಲವತ್ತು ತುಂಬುವ ಮೊದಲೇ ಹಣೆ ನೆರಿಗೆ ಬಿದ್ದು, ಕೆನ್ನೆಯ ಮೇಲೆ ಬಂಗು ಕೂತುಬಿಟ್ಟಿತ್ತು. ಮುಖದ ತುಂಬ ಕಪ್ಪು ಮಚ್ಚೆ ಹೊತ್ತು ಓಡಾಡುವ ಸಂಕಟ ಅನುಭವಿಸಿದವರಿಗೇ ಗೊತ್ತು.

ರೈಲಿನಲ್ಲಿ ಹೊಸಬರು ಯಾರಾದರೂ ಎದುರು ಕೂತರೆ ಸಾಕು, ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಬಿಡುತ್ತಿದ್ದೆ. ಎರಡು ಮಾತಾಡಿ ಮೂರನೆಯದಕ್ಕೆ ಅವರು ಹಿಂದಿ ಟೀಚರ್ ಕಡೆ ಕೈ ತೋರಿಸಿ, "ಇವ್ರು ನಿಮ್ ತಂಗೀನಾ?" ಎನ್ನುತ್ತಿದ್ದರು. ಅದಕ್ಕೇ ನಾನು ಬೋಗಿ ಹತ್ತುತ್ತಲೇ ನಾಲ್ಕು ಜನಕ್ಕೆ ಕೇಳುವ ಹಾಗೆ "ಅಕ್ಕಾ, ಇಲ್ಲಿ ಬನ್ನಿ ಅಕ್ಕಾ" ಎಂದು ಕೂಗುತ್ತಿದ್ದೆ. ಆದರೂ ಜನ ಕೇಳುವುದು ಬಿಡಲಿಲ್ಲ. ನನಗೆ ಬೇಕಾಗಿದ್ದದ್ದು ಬಹಳವೇನಲ್ಲ. ಒಂದೇ ಒಂದು ಸಲ, ಯಾರಾದರೂ ತಾವಾಗಿಯೇ ನನ್ನನ್ನು ಚಿಕ್ಕವಳು ಎನ್ನಬೇಕಿತ್ತು.

ಅವರ ಗುಟ್ಟು ಹಿಡಿಯಲು ನಾನು ಪಟ್ಟ ಪಾಡು ಕೇಳಬೇಡಿ. ದಿನವೂ ರೈಲಿನಲ್ಲಿ ಸೌತೆಕಾಯಿ ತಿನ್ನುತ್ತಿದ್ದರು, ಕೊನೆಯ ತುಂಡನ್ನು ಕುತ್ತಿಗೆಗೆ ಉಜ್ಜಿಕೊಳ್ಳುತ್ತಿದ್ದರು. ಇದೇ ಇರಬೇಕೆಂದು ನಾನೂ ತಿಂದೆ, ಉಜ್ಜಿದೆ. ನೆಗಡಿಯಾಯಿತು. ಟಿವಿಯಲ್ಲಿ ತೋರಿಸುವ ಬಿಳುಪಿನ ಕ್ರೀಮು ತಂದು ಬಳಿದೆ. ಮುಖ ಉರಿದು ಸಿಪ್ಪೆ ಎದ್ದಿತು. ಅವರು ಮಾತ್ರ ರಾತ್ರಿ ಬೇಗ ಮಲಗಿ, ಕೈಗೆ ಮುಖಕ್ಕೆ ಚೂರು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಾಯಾಗಿದ್ದರು. ನಾನು ಧಾರಾವಾಹಿ ಮುಗಿಯುವ ತನಕ ಕಣ್ಣು ಬಿಟ್ಟುಕೊಂಡಿದ್ದು, ಬೆಳಗ್ಗೆ ಕಾಫಿಯ ಮೇಲೆ ಕಾಫಿ ಕುಡಿದು ಓಡುತ್ತಿದ್ದೆ. ಅವರ ಮನೆಯಲ್ಲಿ ಅತ್ತೆ ಅಡುಗೆ ಮಾಡಿ ಡಬ್ಬಿ ಕಟ್ಟುತ್ತಿದ್ದರು, ಅದನ್ನೂ ಸೇರಿಸಿ ಹೇಳಬೇಕಲ್ಲ!

ಇನ್ನು ನೀರಿನ ವಿಷಯ. ನಮ್ಮ ಶಾಲೆಯಲ್ಲಿ ಹೆಂಗಸರಿಗೆಂದು ಇದ್ದ ಶೌಚಾಲಯದ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಆ ಗೋಜೇ ಬೇಡವೆಂದು ನಾನು ಸಂಜೆಯ ತನಕ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಅವರು ತಂಬಿಗೆ ಎತ್ತಿ ಗಟಗಟ ಕುಡಿದು, ಹೊತ್ತಾದಾಗ ಎದುರು ಮನೆಯವರನ್ನು ಸಂಕೋಚವಿಲ್ಲದೆ ಕೇಳಿ ಹೋಗಿಬರುತ್ತಿದ್ದರು. "ನೀರು ಕುಡಿಯೇ, ಯಾಕಿಂಗೆ ಒಣಗ್ತೀಯಾ?" ಎಂದು ನನಗೂ ಹೇಳುತ್ತಿದ್ದರು. ಮಾನ ಮರ್ಯಾದೆ ಇರುವವರಿಗೆ ಅದೆಲ್ಲ ಆಗುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ತರೀಕೆರೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆ. ಇಬ್ಬರೂ ಹೋಗಿದ್ದೆವು. ನಾನು ಹೊಸ ರೇಷ್ಮೆ ಸೀರೆ ಉಟ್ಟು, ಕೂದಲಿಗೆ ಬಣ್ಣ ಹಾಕಿ, ತಕ್ಕಮಟ್ಟಿಗೆ ಧೈರ್ಯದಲ್ಲೇ ಮಂಟಪದ ಮೆಟ್ಟಿಲು ಹತ್ತಿದೆ. ಹುಡುಗಿಯ ಅಜ್ಜಿ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, "ಮೊದ್ಲು ದೊಡ್ಡ ಟೀಚರ್ ಕಾಲಿಗೆ ಬೀಳ್ರವ್ವಾ" ಎಂದು ನನ್ನ ಕಡೆ ಕೈ ಮಾಡಿತು. ಮದುಮಕ್ಕಳು ಬಗ್ಗಿಯೇಬಿಟ್ಟರು. ನನಗೆಲ್ಲಿತ್ತೋ ಸಿಟ್ಟು! "ನಾನಲ್ಲ ಕಣಜ್ಜೀ ದೊಡ್ಡೋಳು, ಇವ್ರು! ಐದು ವರ್ಷ ದೊಡ್ಡೋರು!" ಎಂದು ಓಲಗದವರಿಗೂ ಕೇಳುವ ಹಾಗೆ ಅಂದುಬಿಟ್ಟೆ. ಪಾಪ, ಮದುಮಗಳು ಅರ್ಧ ಬಗ್ಗಿದವಳು ಹಾಗೇ ನಿಂತಳು. ಹಿಂದಿ ಟೀಚರ್ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಅಕ್ಷತೆ ಹಾಕೇ, ಹುಡುಗಿ ಸೊಂಟ ನೋಯುತ್ತೆ" ಎಂದರು. ನಕ್ಕರಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಅವರಿಗೆ ಸೋತಿರಲಿಲ್ಲ. ರೈಲು ಬಂದ ಕೂಡಲೇ ಓಡಿ, ಎದುರು ಗಾಳಿ ಬೀಸುವ ಕಿಟಕಿಯ ಸೀಟಿಗೆ ಕರ್ಚೀಫು ಹಾಕುತ್ತಿದ್ದೆ. ಹಾಗೆ ಖಾಲಿ ಸಿಗುತ್ತಿದ್ದದ್ದು ಬಿಸಿಲು ಬೀಳುವ ಕಡೆಯ ಕಿಟಕಿಯೇ. ಅವರು ತುಂಬು ತೋಳಿನ ರವಿಕೆ ತೊಟ್ಟು, ತಲೆಗೆ ಸೆರಗು ಹೊದ್ದು, ಒಳಗಿನ ನೆರಳಿನಲ್ಲಿ ಮುದುಡಿ ಕೂರುತ್ತಿದ್ದರು. "ಬಿಸಿಲು ಕಣೇ, ಈ ಕಡೆ ಬಾ" ಎಂದು ಎಷ್ಟೋ ಸಲ ಕರೆದರು. ಓಹೋ, ನನ್ನನ್ನು ಎಬ್ಬಿಸಿ ಕಿಟಕಿ ಸೀಟು ಹೊಡೆಯಲು ಇದೊಂದು ಉಪಾಯ ಎಂದು ತಿಳಿದು ನಾನು ಕಂಬಿಗೆ ಇನ್ನಷ್ಟು ಒತ್ತಿ ಕೂರುತ್ತಿದ್ದೆ. ಗಾಳಿಗೆ ಮುಖವೊಡ್ಡಿ... ಎಂಥ ಜಂಬ ನನಗೆ!

ನಿವೃತ್ತಿಯಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಅರುವತ್ತಮೂರಕ್ಕೆ ಎದೆನೋವು ಎಂದರು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ನಾನು ಹೋದಾಗ ಪಡಸಾಲೆಯಲ್ಲಿ ಮಲಗಿಸಿದ್ದರು. ಮುಖ ಹಾಗೇ ಇತ್ತು... ಈಗಷ್ಟೇ ತೊಳೆದು ಬಂದ ಹಾಗೆ. ಹಿಂದೆ ಯಾರೋ ಹೆಂಗಸರು, "ಅಯ್ಯೋ, ಇನ್ನೂ ಚಿಕ್ಕ ವಯಸ್ಸು" ಎಂದರು. ಅರುವತ್ತಮೂರು ಕಣ್ರೀ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ದೇವರಾಣೆಗೂ ಬಂದಿತ್ತು. ಅಳುತ್ತಲೇ ಅದನ್ನು ನುಂಗಿಕೊಂಡೆ.

ಕಡೂರಿನ ಡಾಕ್ಟರು ಮಗಳ ವಯಸ್ಸಿನ ಹುಡುಗಿ. ನನ್ನ ಮುಖವನ್ನು ದೀಪಕ್ಕೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಬಲಗೆನ್ನೆ ಮೇಲೇ ಬಂಗು ಜಾಸ್ತಿ ಇದೆಯಲ್ಲಮ್ಮಾ, ಕಾರ್ ಓಡಿಸ್ತಿದ್ರಾ?" ಎಂದು ಕೇಳಿದಳು. ಇಲ್ಲವೆಂದೆ. ದಿನವೂ ಒಂದೇ ಕಡೆಯಿಂದ ಬಿಸಿಲು ಬಿದ್ದರೆ ಆ ಕೆನ್ನೆಯೇ ಮೊದಲು ಮುದಿಯಾಗುತ್ತದೆ ಎಂದಳು. ಗಣಿತದವಳಲ್ಲವೇ, ಅಲ್ಲೇ ಕೂತು ಲೆಕ್ಕ ಹಾಕಿದೆ. ಬೆಳಿಗ್ಗೆ ಶಿವನಿಗೆ ಹೋಗುವಾಗ ಬಲಕ್ಕೆ ಪೂರ್ವ, ಸಂಜೆ ಬೀರೂರಿಗೆ ಬರುವಾಗ ಬಲಕ್ಕೆ ಪಶ್ಚಿಮ. ಗೆದ್ದೆ ಗೆದ್ದೆ ಎಂದು ಕೂತ ಕಿಟಕಿ! ಹೇಳುವವರು ಕೈ ಹಿಡಿದು ಎಳೆದಾದರೂ ಹೇಳಬಾರದಿತ್ತೇ ಎಂದು ಸತ್ತವರ ಮೇಲೆ ಮತ್ತೆ ರೇಗಿತು. ರೇಗಿದ್ದಕ್ಕೆ ಮರುಮಾತಾಡುವವರೇ ಈಗ ಇಲ್ಲ.

ಚೀಟಿ ಬರೆಯುವಾಗ ಹುಡುಗಿ ವಯಸ್ಸು ಕೇಳಿದಳು. ಅರುವತ್ತನಾಲ್ಕು ಎಂದೆ. ಹೋದ ತಿಂಗಳಷ್ಟೇ ತುಂಬಿತು. ಅವರು ಇಲ್ಲಿಯವರೆಗೆ ಬರಲೇ ಇಲ್ಲ. ನಾನು ಅವರಿಗಿಂತ ಚಿಕ್ಕವಳು ಎಂದು ಆಯಸ್ಸೆಲ್ಲ ಊರಿಗೆ ಕೂಗಿ ಹೇಳಿದೆ. ಈಗ ಕೂಗಿದರೆ ಅದು ಸುಳ್ಳಾಗುತ್ತದೆ.