ಸೆಟ್ ಅಲ್ಲ, ಗಂಟಲು

ಇವರ ಸ್ವರ ಕೆಟ್ಟದ್ದು ಮೊದಲು ಗೊತ್ತಾದದ್ದು ಮನೆಯಲ್ಲಲ್ಲ, ವೈರ್‌ಲೆಸ್ಸಿನಲ್ಲಿ.

ನನ್ನ ಗಂಡ ಹೊನ್ನಾವರದ ಹತ್ತಿರದ ಕಾಸರಕೋಡಿನ ಒಂದು ಬೋಟಿನ ತಾಂಡೇಲ. ಬೋಟು ನಡೆಸುವುದು, ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು, ಗಾಳಿ ಎದ್ದರೆ ಉಳಿದ ಬೋಟುಗಳನ್ನು ಕೂಗಿ ಎಚ್ಚರಿಸುವುದು, ಎಲ್ಲ ಇವರದೇ. ತಾಂಡೇಲನ ಸ್ವರ ಹೋದರೆ ಕೆಲಸವೂ ಹೋದಂತೆ.

"ದೇವಣ್ಣ, ನಿನ್ನ ಸೆಟ್ ಗೊರಗೊರ ಅಂತದೆ. ಎಂತ ಹೇಳ್ತೆ ತಿಳಿಯೂದಿಲ್ಲ" ಎಂದು ಬೇರೆ ಬೋಟಿನವರು ದೂರಿದರು. ಇವರು ಸೆಟ್ ಕಳಚಿಕೊಂಡು ಹೊನ್ನಾವರಕ್ಕೆ ಹೋದರು. ಒಂದು ಸಲವಲ್ಲ, ಎರಡು ಸಲ! ಎರಡನೇ ಸಲ ರಿಪೇರಿಯವನು ಕೈಮುಗಿದ. "ಸೆಟ್ ಸರಿ ಇದೆ ಮಾರಾಯಾ. ಗಂಟಲು ಒಮ್ಮೆ ತೋರಿಸು."

ಕುಮಟಾದಲ್ಲಿ ಡಾಕ್ಟರು ಗಂಟಲೊಳಗೆ ಸ್ಕೋಪ್ ಹಾಕಿ ನೋಡಿದರು. ಬಯಾಪ್ಸಿ ರಿಪೋರ್ಟ್ ಬಂತು.

ಸ್ವರಪೆಟ್ಟಿಗೆಯ ಕ್ಯಾನ್ಸರ್.

ನನ್ನ ಸಿಟ್ಟೆಲ್ಲ ತಿರುಗಿದ್ದು ಆ ವೈರ್‌ಲೆಸ್ ಮೇಲೆ. ಇಪ್ಪತ್ತು ವರ್ಷ ಬಾಯಿಗೆ ಹಿಡಿದದ್ದು ಅದನ್ನೇ ಅಲ್ಲವೇ? ರಿಪೇರಿಯಿಂದ ಬಂದ ಸೆಟ್ ಮನೆಯಲ್ಲೇ ಇತ್ತು. ಅದರ ಮೈಕ್ ಕಿತ್ತು ಅಕ್ಕಿ ಡಬ್ಬಿಯಲ್ಲಿ ಹುಗಿದೆ. ಇವರ ಕಿಸೆಯ ಬೀಡಿ ಕಟ್ಟು ಮಾತ್ರ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ರೇಡಿಯೇಷನ್ ಎಂದರು. ನಮ್ಮ ಕಡೆ ಅದಕ್ಕೆ ಕರೆಂಟು ಕೊಡೂದು ಅನ್ನುತ್ತಾರೆ. ನಾನು ರೇಗಿದೆ. "ವೈರ್‌ಲೆಸ್ ಅಲೆಯಿಂದ ಬಂದ ಕಾಯಿಲೆಗೆ ಮತ್ತೆ ಅಲೆಯನ್ನೇ ಬಿಡ್ತೀರಾ?"

ಮಶಿನ್ ನಡೆಸುವ ಟೆಕ್ನಿಷಿಯನ್ ಹೆಂಗಸು ನಗಲಿಲ್ಲ. ಪಕ್ಕದಲ್ಲಿ ಕೂತಳು. "ಅಕ್ಕ, ವೈರ್‌ಲೆಸ್, ಬೆಳಕು, ಎಕ್ಸ್-ರೇ ಎಲ್ಲ ಒಂದೇ ಜಾತಿ. ಅಲೆಯ ಉದ್ದ ಬೇರೆ, ಅಷ್ಟೆ. ಬೋಟಿನ ವೈರ್‌ಲೆಸ್ ಅಲೆ ಒಂದಾಳುದ್ದ. ಜೀವಕೋಶವನ್ನು ಕೆಡಿಸುವ ಶಕ್ತಿ ಅದಕ್ಕಿಲ್ಲ. ಈ ಮಶಿನ್ನಿನ ಎಕ್ಸ್-ರೇ ಅಲೆ ಲೆಕ್ಕಕ್ಕೆ ಸಿಗದಷ್ಟು ಗಿಡ್ಡ, ಬಲ ಜಾಸ್ತಿ. ಅದನ್ನು ಗಡ್ಡೆಗೇ ಗುರಿಯಿಟ್ಟು ಬಿಡ್ತೇವೆ."

ಮಾತಾಡಬಾರದೆಂದು ಇವರ ಕೈಗೆ ಸ್ಲೇಟು ಕೊಟ್ಟಿದ್ದೆ. ಬರೆದು ನನ್ನ ಮುಂದೆ ಹಿಡಿದರು: "ಉದ್ದದ ಅಲೆ ಬೋಟನ್ನು ಎತ್ತಿ ಇಳಿಸ್ತದೆ. ಹೊಳೆ ಕಡಲು ಸೇರುವ ಅಳಿವೆಯ ಗಿಡ್ಡ ಅಲೆ ಬೋಟನ್ನೇ ಒಡೀತದೆ." ಅದರ ಕೆಳಗೆ ಒಂದೇ ಒಂದು ಪದ ಬರೆದರು: "ಬೀಡಿ." ಆ ದಿನವೇ ಕಟ್ಟು ಕಸದ ಬುಟ್ಟಿಗೆ ಹೋಯಿತು.

ಮೂವತ್ತಮೂರು ಸಲ ಕರೆಂಟು ಕೊಟ್ಟರು. ಮುಖಕ್ಕೆ ಬಿಗಿದ ಮಾಸ್ಕ್. ಅಲುಗಾಡುವಂತಿಲ್ಲ. ಮೊದಲ ದಿನ ಹೊರಗೆ ಬಂದಾಗ ಕೈ ಹಿಡಿಯಲು ಹೆದರಿದೆ, ಶಾಕ್ ಹೊಡೆದರೆ? ಇವರೇ ಬೆರಳು ಚಾಚಿ ನನ್ನ ಮೂಗು ಮುಟ್ಟಿ ನಕ್ಕರು. ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಕುತ್ತಿಗೆ ಸುಟ್ಟು ಕಪ್ಪಾಯಿತು. ಬಂಗಡೆ ಸಾರಿದ್ದರೆ ಎರಡು ತಟ್ಟೆ ಅನ್ನ ಉಣ್ಣುತ್ತಿದ್ದ ಮನುಷ್ಯ ತಿಳಿಗಂಜಿ ನುಂಗಲು ಕಣ್ಣೀರು ಹಾಕುವುದನ್ನು ನೋಡಲಾಗದೆ ನಾನು ಹೊರಗೆ ಹೋಗಿ ಅತ್ತು ಬರುತ್ತಿದ್ದೆ.

ಮೂರು ತಿಂಗಳ ನಂತರ ಮತ್ತೆ ಸ್ಕೋಪ್.

"ಗಡ್ಡೆ ಇಲ್ಲ" ಎಂದರು ಡಾಕ್ಟರು. "ಮಾತಾಡಿ. ಚೆಕಪ್ ಮಾತ್ರ ತಪ್ಪಿಸಬೇಡಿ."

ಮನೆಗೆ ಬಂದವಳೇ ಅಕ್ಕಿ ಡಬ್ಬಿಗೆ ಕೈ ಹಾಕಿದೆ. ಮೈಕಿಗೆ ಅಂಟಿದ ತೌಡು ಊದಿ, ಸೆರಗಿನಿಂದ ಒರೆಸಿ ಇವರ ಕೈಗಿಟ್ಟೆ. "ತಪ್ಪು ನಂದೇ, ಇದರದ್ದಲ್ಲ."

ಮರುದಿನ ಬೆಳಿಗ್ಗೆ ಬಂದರಿನಲ್ಲಿ ಇವರು ಸೆಟ್ ಜೋಡಿಸಿದರು. ಮೈಕಿನ ಗುಂಡಿ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು.

"ದೇವಣ್ಣ ಮಾತಾಡೂದು. ಕೇಳ್ತದಾ?"

ಸ್ವರ ಸ್ವಲ್ಪ ಒರಟು. ಆದರೆ ಇವರದೇ.

ಒಂದು ಕ್ಷಣ ಬರೀ ಗರಗರ. ಆಮೇಲೆ ಕಡಲಿನಿಂದ ಯಾರೋ ಕಿರುಚಿದರು: "ದೇವಣ್ಣ! ಸೆಟ್ ರಿಪೇರಿ ಆತಾ?"

"ಆತು ಮಾರಾಯಾ, ಆತು!"

ಅಷ್ಟೇ ಸಾಕಾಯಿತು. ಇದ್ದಬದ್ದ ಬೋಟಿನವರೆಲ್ಲ ಒಟ್ಟಿಗೇ ಕೂಗತೊಡಗಿದರು. ನಾನು ಅಳುತ್ತ ನಗುತ್ತ ನಿಂತಿದ್ದೆ. ಇವರು ಗುಂಡಿ ಒತ್ತಿ ಗದರಿದರು: "ಏ, ಒಬ್ಬೊಬ್ಬರೇ ಮಾತಾಡಿ! ಇದೆಂತ ಮೀನು ಪೇಟೆಯಾ?"

ಅಷ್ಟೂ ಬೋಟುಗಳು ಗಪ್ ಚುಪ್.