ನಕ್ಷೆಯಿಂದ ತೆಗೆದ ಸಂಜೆಯ ಹಾಲು

ಸಂಜೆಯ ಹಾಲಿನ ಚೌಕವನ್ನು ನಕ್ಷೆಯಿಂದ ತೆಗೆದವನು ನಾನು, ಸುವರ್ಣಕ್ಕ. ನೀವು ಮರೆತಿರಲಿಲ್ಲ. ನೀವು ಅದನ್ನು ಬರೆದು, ಗೆರೆ ಎಳೆದು ಜೋಡಿಸಿದ್ದಿರಿ — ನಾನು ತೆಗೆದೆ, ಮೂರು ವರ್ಷ ಬಾಯಿ ಮುಚ್ಚಿಕೊಂಡು ಕುಳಿತೆ.

ಹುಮನಾಬಾದಿನ ನಮ್ಮ ಡೇರಿ ಕಚೇರಿಯಲ್ಲಿ ಡೇಟಾ ವೇರ್‌ಹೌಸ್ ಕಟ್ಟುತ್ತಿದ್ದ ದಿನಗಳವು. ಊರೂರಿನ ಹಾಲಿನ ಲೆಕ್ಕವೆಲ್ಲ ಒಂದೇ ಕಡೆ ಸೇರಿ, ಸಾಹೇಬರು ಕುಳಿತಲ್ಲಿಂದಲೇ ನೋಡುವಂತಾಗಬೇಕಿತ್ತು. ಯಾವ ಲೆಕ್ಕ ಒಳಗೆ, ಯಾವುದು ಹೊರಗೆ ಎಂದು ಹೇಳುವುದು ನಕ್ಷೆ. ಒಂದೊಂದು ಲೆಕ್ಕಕ್ಕೆ ಒಂದೊಂದು ಚೌಕ. ಬಸವಕಲ್ಯಾಣದ ಕಡೆಯ ಹಳ್ಳಿಗಳು ನಿಮ್ಮ ಪಾಲಿಗೆ ಬಂದಿದ್ದವು. ಅಲ್ಲಿ ಸಂಜೆಯ ಹಾಲನ್ನು ಮರುದಿನ ಬೆಳಿಗ್ಗೆ ಬೇರೆಯಾಗಿ ದಾಖಲಿಸುವ ರೂಢಿ, ಅದಕ್ಕೇ ನೀವು ಬೇರೆ ಚೌಕ ಹಾಕಿದ್ದಿರಿ. ಎಲ್ಲರ ನಕ್ಷೆಗಳನ್ನು ಒಂದುಗೂಡಿಸಿ ತೋರಿಸುವ ಕೆಲಸ ನನ್ನದು.

ಸಭೆಯ ಹಿಂದಿನ ದಿನ ಸಾಹೇಬರು ಇಣುಕಿ ನೋಡಿ, "ಇದೇನ್ರಿ, ಜೇಡರ ಬಲಿ ಮಾಡೀರಿ? ಒಂದ್ ಹಾಳ್ಯಾಗ ಕೂಡಂಗ ಮಾಡ್ರಿ" ಅಂದರು. ನನಗೆ ಮೊದಲೇ ಹೊಗಳಿಕೆಯ ಹಸಿವು. ನಿಮ್ಮ ಆ ಚೌಕದ ಗೆರೆಗಳು ಉಳಿದ ಗೆರೆಗಳನ್ನೆಲ್ಲ ಅಡ್ಡ ಹಾಯುತ್ತಿದ್ದವು — ನಿಮಗೂ ಹೇಳದೆ ತೆಗೆದುಬಿಟ್ಟೆ. ನಕ್ಷೆಯಲ್ಲಿ ಇರುವ ಲೆಕ್ಕವನ್ನಷ್ಟೇ ವೇರ್‌ಹೌಸ್ ಒಳಗೆ ತೆಗೆದುಕೊಳ್ಳುವ ಹಾಗೆ ನಾವೇ ಹೊಂದಿಸಿಟ್ಟಿದ್ದೆವು. ಅದು ನನಗೆ ಗೊತ್ತಿತ್ತು. ಸಭೆ ಮುಗಿದ ಮೇಲೆ ಮತ್ತೆ ಸೇರಿಸಿದರಾಯಿತು ಎಂದುಕೊಂಡೆ... ಸಾಹೇಬರು "ಚಂದ ಆಗ್ಯಾದ" ಅಂದರು. ಅಷ್ಟಕ್ಕೇ ಉಬ್ಬಿಹೋದೆ, ಸೇರಿಸಲು ಮರೆತೆ. ಮರೆತವನು ನಾನು.

ವೇರ್‌ಹೌಸ್ ಶುರುವಾಯಿತು. ನಿಮ್ಮ ಪಾಲಿನ ಗೋರ್ಟಾ, ನಾರಾಯಣಪುರದ ಕಡೆ ಸಂಜೆ ಹಾಲೇ ಬರುವುದಿಲ್ಲ ಎಂದು ಅದು ತೋರಿಸಿತು, ಅದನ್ನು ನಂಬಿ ಸಂಜೆಯ ವ್ಯಾನ್ ನಿಲ್ಲಿಸಿದರು. ತುಂಬಿದ ಕ್ಯಾನು ಹಿಡಿದು ಕಾದು ಕಾದು ಮನೆಗೆ ಮರಳಿದ ಹೆಣ್ಣುಮಕ್ಕಳು ಕಚೇರಿಗೇ ಬಂದು ಜಗಳ ತೆಗೆದಾಗ ಸಾಹೇಬರು ನಮ್ಮಿಬ್ಬರನ್ನೂ ಕರೆದರು.

"ಸಂಜಿ ಹಾಲಿಂದು ಯಾರ್ ಬಿಟ್ಟಾರ?"

"ಆ ಕಡಿಂದು ಸುವರ್ಣಕ್ಕ ನೋಡ್ತಾರ್ರೀ," ಅಂದೆ.

ಸುಳ್ಳು ಹೇಳಲಿಲ್ಲ, ನೋಡಿ. ಅಷ್ಟು ಜಾಣ ನಾನು. ನೀವು ನನ್ನ ಮುಖ ನೋಡಿದಿರಿ, ಇವನಾದರೂ ನೆನಪು ಮಾಡಿಕೊಟ್ಟಾನು ಎಂಬಂತೆ — ನಾನು ನೆಲ ನೋಡಿದೆ. "ಹಾಕಿದ್ದೆ ಅಂತ ಅನಸ್ತದರೀ... ಇಲ್ರಿ, ನನ್ನಿಂದೇ ಬಿಟ್ಟಿರಬೇಕು" ಅಂದಿರಿ. ವ್ಯಾನ್ ಮತ್ತೆ ಹೊರಟಿತು. ನೀವು ಮಾತ್ರ ಎಲ್ಲರೆದುರು ಬೈಸಿಕೊಂಡು ಕೆಲಸ ಬಿಟ್ಟು ಹೋದಿರಿ.

ಹೋದ ವಾರ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಸಿಕ್ಕಿರಿ. ಒಳ್ಳೆಯ ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ, ಆದರೆ ಒಲ್ಲೆ ಅನ್ನಬೇಕೆಂದಿದ್ದೇನೆ ಎಂದಿರಿ. "ನನ್ ಮ್ಯಾಲ ನನಗೇ ಭರೋಸಾ ಇಲ್ಲಪ್ಪ. ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಬಾಗಲದಿಂದ ವಾಪಸ್ ಹೋಗ್ತೀನಿ. ಅವತ್ತಿಂದ ಹಂಗೇ ಆಗ್ಯಾದ." ಹೇಳಿ ನಕ್ಕಿರಿ, ಬೇಡವೆಂದರೂ ಕೇಳದೆ ಚಹಾ ಕುಡಿಸಿದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ. ನಾಚಿಕೆಗೆಟ್ಟವನು, ಪೂರ್ತಿ ಕುಡಿದು ಬಸ್ ಹತ್ತಿದೆ.

ನಿನ್ನೆ ಸಾಹೇಬರಿಗೆ ಎಲ್ಲ ಹೇಳಿದೆ. "ಹೋಗ್ಲಿ ಬಿಡ್ರಿ, ಹಳೀ ಮಾತು" ಎಂದು ಬೇರೆ ಕೆಲಸ ಹಚ್ಚಿದರು. ಇಷ್ಟೇ... ನಿಮಗಾದದ್ದರಲ್ಲಿ ಒಂದು ಚೂರೂ ನನಗಾಗಲಿಲ್ಲ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ, ನಿಮ್ಮವರೆಲ್ಲರ ಎದುರಿಗೆ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ.

ಅಷ್ಟರೊಳಗೆ ಆ ಕೆಲಸಕ್ಕೆ ಒಲ್ಲೆ ಅನ್ನಬೇಡಿ. ನಿಮ್ಮ ನೆನಪಿಗೆ ಏನೂ ಆಗಿಲ್ಲ, ಅಕ್ಕ.